ರಾಮನಾಥ ಸರ್ ಬೀಸಿದ ಬಲೆ

ಹೊಸ ಕೋಚ್ ರಾಮನಾಥ ಸರ್ ಮೊದಲ ದಿನವೇ ನಮ್ಮ ಸಂದೇಶನನ್ನು ಕರೆದು, "ಇನ್ನು ಮೇಲೆ ನೀ ಗೋಲಿಗೆ ಬೆನ್ನು ಹಾಕಿ ನಿಲ್ಲೂದು" ಎಂದರು.

ಕಾರವಾರದ ನಮ್ಮ ಕಾಲೇಜು ಫುಟ್‌ಬಾಲ್ ತಂಡದಲ್ಲಿ ಗೋಲು ಹೊಡೆಯುವವನೆಂದರೆ ಸಂದೇಶ ಒಬ್ಬನೇ. ನಮ್ಮ ಬಳಿ ಇದ್ದದ್ದೂ ಒಂದೇ ಉಪಾಯ. ಗೋಲ್‌ಕೀಪರ್ ಆದ ನಾನು ಚೆಂಡನ್ನು ಕಣ್ಣಿಗೆ ಕಾಣದಷ್ಟು ದೂರ ಒದೆಯುವುದು, ಸಂದೇಶ ಅದರ ಹಿಂದೆ ಓಡುವುದು, ಉಳಿದವರು ಚಪ್ಪಾಳೆಗೆ ಕೈ ಸಿದ್ಧ ಮಾಡಿಕೊಳ್ಳುವುದು. ಅಂಥವನಿಗೆ ಗೋಲಿಗೆ ಬೆನ್ನು ಹಾಕು ಎಂದರೆ, ಮದುಮಗನಿಗೆ ಮಂಟಪಕ್ಕೆ ಬೆನ್ನು ಹಾಕಿ ಕೂರು ಎಂದಂತೆ.

ಸಂದೇಶನಿಗೆ ಅದು ಡಿಗ್ರಿಯ ಕೊನೆಯ ವರ್ಷ. ವಿಶ್ವವಿದ್ಯಾಲಯದ ತಂಡಕ್ಕೆ ಹುಡುಗರನ್ನು ಆರಿಸುವವರು ಅಂಕೋಲೆಯಲ್ಲಿ ನಡೆಯುವ ಫೈನಲ್ ನೋಡಲು ಬರುವವರಿದ್ದರು. ಹಿಂದೊಮ್ಮೆ ಅವರು ಬಂದಾಗ ಇವನ ಕಾಲು ಉಳುಕಿತ್ತು. ಇನ್ನೊಮ್ಮೆ ಫೈನಲ್‌ವರೆಗೆ ನಾವೇ ಹೋಗಿರಲಿಲ್ಲ. ಇದು ತಪ್ಪಿದರೆ ಮತ್ತೆ ಅವಕಾಶ ಇಲ್ಲ.

"ಗೋಲ್ ಹೊಡೀದೇ ಇದ್ದ ಫಾರ್ವರ್ಡನ್ನ ಯಾರು ಆರಿಸ್ತ್ರಾ?" ಎಂದು ಅವನು ನನ್ನನ್ನು ಕೇಳಿದ. "ಇಂವ ನಮ್ಮನ್ನ ಆಡಿಸೂಕೆ ಬಂದವ್ನೋ, ಅಡಗಿಸೂಕೆ ಬಂದವ್ನೋ?"

ಅನುಮಾನಕ್ಕೆ ಕಾರಣವೂ ಇತ್ತು. ಕೋಚ್ ಎಂದಮೇಲೆ ಸ್ವಲ್ಪವಾದರೂ ಕೊಚ್ಚಿಕೊಳ್ಳಬೇಕು. ಇವರು ಅದನ್ನೂ ಮಾಡುತ್ತಿರಲಿಲ್ಲ. ತೋಡೂರಿನ ಗದ್ದೆ ಮನೆಯವರು, ಮಲ್ಲಾಪುರದ ಟೌನ್‌ಶಿಪ್ಪಿನಲ್ಲಿ ಮಕ್ಕಳಿಗೆ ಆಟ ಕಲಿಸಿ ಬಂದವರು, ಅಷ್ಟೇ ಗೊತ್ತು. ಮೈದಾನದ ಬದಿಯಲ್ಲಿ ಕೈ ಕಟ್ಟಿ ನಿಂತರೆ, ಬಸ್ಸು ತಪ್ಪಿಸಿಕೊಂಡವರೋ ಬೇಕೆಂದೇ ಬಿಟ್ಟವರೋ ಹೇಳಲಾಗುತ್ತಿರಲಿಲ್ಲ.

ತಮ್ಮ ಆಟವನ್ನು ಅವರು ಚಪ್ಪಲಿಯ ತುದಿಯಿಂದ ಮಣ್ಣಿನಲ್ಲಿ ಗೀಚಿ ತೋರಿಸಿದರು. "ಸಂದೇಶ ಬಾಲ್ ಹಿಡ್ಕಂಡು ಮಧ್ಯ ನಿಲ್ಲೂದು. ಅವರ ಹುಡುಗ್ರು ಇಂವನ ಸುತ್ತ ಗುಂಪು ಕೂಡ್ತ್ರು. ಕಾಶಿ ಬಲಗಡೆ ಗೆರೆ ಬಿಡೂದಿಲ್ಲ, ತಿಮ್ಮು ಎಡಗಡೆ ಗೆರೆ ಬಿಡೂದಿಲ್ಲ. ಗುಂಪು ಸಮಾ ಕೂಡಿದ ಮೇಲೆ ಬಾಲ್ ಬದಿಗೆ ಕೊಡೂದು. ಗೋಲ್ ಬದಿಯಿಂದ ಬರ್ತದೆ."

ಕಾಶಿ ಹಾರವಾಡದ ಮೀನುಗಾರರ ಮನೆಯವನು. ಅವನ ಮುಖ ಅರಳಿತು. "ಸರ್, ಇದು ನಮ್ಮ ರಂಪಣಿ ಅಲ್ದಾ!"

ದೋಣಿಯಲ್ಲಿ ಹೋಗಿ ಸಮುದ್ರದಲ್ಲಿ ಅರ್ಧ ಚಂದ್ರದ ಹಾಗೆ ಬಲೆ ಬಿಟ್ಟು, ಅದರ ಎರಡೂ ತುದಿಯ ಹಗ್ಗವನ್ನು ದಡದಲ್ಲಿ ಎರಡು ಸಾಲು ನಿಂತು ಎಳೆಯುವುದು ರಂಪಣಿ. ನಮ್ಮ ತಂಡದ ಅರ್ಧ ಹುಡುಗರು ನಡೆಯಲು ಕಲಿತದ್ದೇ ಆ ಹಗ್ಗ ಹಿಡಿದುಕೊಂಡು.

"ಹಾಂ, ಹಾಂಗೇ ಅಂತ ತಿಳ್ಕಣಿ" ಎಂದರು ಸರ್.

ನಾವು ಹಾಗೆಯೇ ತಿಳಿದುಕೊಂಡೆವು. ಆದರೆ ಗೋಲು ಮಾತ್ರ ಬರಲಿಲ್ಲ. ಚೆಂಡು ಬದಿಯಿಂದ ಚಂದವಾಗಿ ಹೋಗುತ್ತಿತ್ತು. ಎದುರಿನವರ ಗೋಲಿನ ಹತ್ತಿರ ಬಂದ ಕೂಡಲೇ ಎಲ್ಲ ಕಲಸಿ ಹೋಗುತ್ತಿತ್ತು. ಕಾಶಿ, ತಿಮ್ಮು, ಸಂದೇಶ ಮೂವರೂ ಒಂದೇ ಜಾಗದಲ್ಲಿ, ಒಬ್ಬರ ಕಾಲು ಒಬ್ಬರು ಒದೆಯುತ್ತಾ. ಸರ್ ಹೊರಗಿನಿಂದ "ಬದಿ! ಬದಿ!" ಎಂದು ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದರು. ಪೆನಾಲ್ಟಿ, ಟೈಬ್ರೇಕರ್ ಎಂದು ತೆವಳಿ ಫೈನಲ್ ಮುಟ್ಟಿದೆವು. ಸಂದೇಶನ ಹೆಸರಿನಲ್ಲಿ ಒಂದು ಗೋಲೂ ಇಲ್ಲ, ಬರೀ ಗೋಳು. ಫೈನಲ್‌ನಲ್ಲಿ ನಮ್ಮ ಎದುರಾಳಿ ಅಂಕೋಲೆಯ ಕಾಲೇಜು.

ಅಷ್ಟರಲ್ಲಿ ತಿಮ್ಮು ಸುದ್ದಿ ತಂದ. "ಭಾನುವಾರ ಸರ್ ಬೈಕು ಅಂಕೋಲೆಲಿ ಯಾರ ಮನೆ ಎದ್ರಿಗೆ ಇತ್ತು ಗುತ್ತದ್ಯಾ? ಅಮಿತನ ಮನೆ!"

ಅಮಿತ ಅಂಕೋಲೆ ತಂಡದ ಗೋಲ್‌ಕೀಪರ್.

"ಅಮಿತನ ಅಕ್ಕ ನೀತಾ ಅಂತ. ಸರ್‌ನ ಹೆಂಡ್ತಿ ಅವ್ಳೇ."

ಸಂದೇಶ ಬೂಟಿನ ಲೇಸು ಬಿಚ್ಚುತ್ತಿದ್ದವನು ಹಾಗೆಯೇ ಕುಳಿತ. "ಸೈ. ಮಾವನ ಮನೆ ಬಂಗಡೆ ಸಾರು ಉಂಡವ್ರು ನಮ್ಮ ಕೈಲಿ ಗೋಲ್ ಹೊಡಿಸ್ತ್ರೇನಾ?"

ಅನುಮಾನಕ್ಕೆ ಸಾಕ್ಷಿ ಬೇಕಿತ್ತು. ನನಗೆ ಯಾರ ಗಂಟಲಾದರೂ ಸ್ವಲ್ಪ ಹೊತ್ತು ಬಾಡಿಗೆಗೆ ಸಿಗುತ್ತದೆ. ಪ್ರಿನ್ಸಿಪಾಲರ ಕೆಮ್ಮು, ಕ್ಯಾಂಟೀನಿನ ಹೀರಕ್ಕನ ಬೈಗುಳ, ಏನು ಕೇಳಿದರೂ ಕೊಡುತ್ತೇನೆ. ಅಮಿತ ಮೂಗಿನಲ್ಲಿ ಮಾತಾಡುವವನು, ಮಾತಿಗೊಮ್ಮೆ 'ಖರೇ' ಅನ್ನುವವನು. ಸುಲಭ. ತಿಮ್ಮುವಿನ ಹೊಸ ಸಿಮ್ಮಿನಿಂದ ಸರ್‌ಗೆ ಫೋನು ಹಚ್ಚಿದೆ. ಸಂದೇಶ ಸ್ಪೀಕರಿಗೆ ಕಿವಿ ಕೊಟ್ಟ.

"ಭಾವಾ, ನಾ ಅಮಿತ. ಇದು ದೋಸ್ತನ ನಂಬರು. ಖರೇ ಹೇಳಿ, ಫೈನಲ್‌ನಲ್ಲಿ ನಿಮ್ಮವ್ರು ಹ್ಯಾಂಗೆ ಆಡ್ತ್ರು?"

ನನ್ನ ಮೂಗು ಬೆವರಿತು.

"ತಮಾ, ಯಾರಿಗೂ ಹೇಳ್ಬೇಡ" ಎಂದರು ಸರ್ ದನಿ ತಗ್ಗಿಸಿ. "ಸಂದೇಶ ಅಂತ ಒಬ್ಬ ಇದ್ದ. ಅಂವನ್ನ ಕಾಯಿ. ಮೂರು ಜನ ಹಾಕಿದ್ರೂ ಅಡ್ಡಿ ಇಲ್ಲ. ಉಳ್ದವ್ರ ಕಡೆ ನೋಡೂದೇ ಬೇಡ."

ಫೋನು ಇಟ್ಟೆ. ಬೈಯುವವನು ಬೈಯದೆ ಕೂತರೆ ನೋಡಲಾಗುವುದಿಲ್ಲ. ಕೊನೆಗೆ ಸಂದೇಶ, "ನನ್ನ ಆಟ ನಾ ಆಡ್ತೆ. ಅವರ ರಂಪಣಿ ಅವರೇ ಎಳ್ಕಳ್ಲಿ" ಎಂದ.

ಫೈನಲ್ ದಿನ ಅಂಕೋಲೆಯ ಮೈದಾನದಲ್ಲಿ ಜನ ತುಂಬಿತ್ತು. ಆಯ್ಕೆಗೆ ಬಂದವರು ಬಿಳಿ ಟೊಪ್ಪಿ ಹಾಕಿಕೊಂಡು ಶಾಮಿಯಾನದ ಕೆಳಗೆ ಕುಳಿತಿದ್ದರು. ಸಂದೇಶ ಅವರನ್ನು ನೋಡಿದ, ಚೆಂಡನ್ನು ನೋಡಿದ, ನಮ್ಮನ್ನು ನೋಡಲೇ ಇಲ್ಲ. ಸಿಕ್ಕ ಸಿಕ್ಕಲ್ಲಿಂದ ಗೋಲಿಗೆ ಹೊಡೆದ. ಅಂಕೋಲೆಯವರು ಮೂವರು ಅವನಿಗೆ ಬೆಲ್ಲಕ್ಕೆ ಇರುವೆ ಮುತ್ತಿದಂತೆ ಮುತ್ತಿಕೊಂಡಿದ್ದರು. ಹೊಡೆದದ್ದೆಲ್ಲ ಅವರ ಮೊಣಕಾಲಿಗೆ, ಬೆನ್ನಿಗೆ, ಒಮ್ಮೆ ರೆಫ್ರಿಯ ಹೊಟ್ಟೆಗೆ ತಗುಲಿತು. ಅರ್ಧ ಆಟಕ್ಕೆ ನಾವು ಒಂದು ಗೋಲು ಹಿಂದೆ.

ವಿರಾಮದಲ್ಲಿ ಸರ್ ನೀರಿನ ಬಾಟಲಿ ಚಾಚಿದರು. ಸಂದೇಶ ತೆಗೆದುಕೊಳ್ಳಲಿಲ್ಲ. "ಸರ್, ಅಮಿತ ನಿಮ್ಮ ಭಾವಮೈದ ಅಲ್ದಾ?"

"ಹೌದು."

"ನಮ್ಮ ಆಟ ಅಂವಂಗೆ ಹೇಳಿದ್ರಿ ಅಲ್ದಾ?"

ಸರ್ ನಕ್ಕುಬಿಟ್ಟರು. ಅವರು ನಕ್ಕದ್ದನ್ನು ನಾವು ನೋಡಿದ್ದು ಅದೇ ಮೊದಲು. "ಫೋನ್ ಮಾಡಿ ಕೇಳ್ದ. ಹೆಂಡ್ತಿ ತಮ್ಮ, ಇಲ್ಲ ಅನ್ನೂಕಾಗೂದಿಲ್ಲ. ಸಂದೇಶನ್ನ ಮಾತ್ರ ಕಾಯಿ ಅಂದೆ. ಅಂವ ನಂಬ್ದ! ಮೂರು ಜನ ನಿನ್ನ ಮೇಲೆ ಇದ್ರೆ ಬದಿಗೆ ಯಾರು ಉಳೀತ್ರು, ಹೇಳು. ನಂಗೆ ಬೇಕಾದ್ದೂ ಅದೇ. ಆದ್ರೆ ನೀ ಬಾಲ್ ಬಿಟ್ರಲ್ದಾ?"

ತಿಮ್ಮು ನನ್ನನ್ನು ನೋಡಿದ. ನಾನು ಆಕಾಶವನ್ನು ನೋಡಿದೆ. ನಿಜವಾದ ಅಮಿತನಿಗೆ ಆ ಮಾತು ಮುಟ್ಟೇ ಇರಲಿಲ್ಲ. ಸಂದೇಶನ ಗೋಲು ಎರಡು ವರ್ಷ ತಿಂದವರಿಗೆ ಅವನನ್ನು ಕಾಯಲು ಯಾರ ಫೋನೂ ಬೇಕಿರಲಿಲ್ಲ.

"ಹಾಂಗಾದ್ರೆ ಇಷ್ಟು ದಿನ ಯಾಕೆ ಗೋಲ್ ಬರ್ಲಿಲ್ಲ?" ಸಂದೇಶ ಬಿಡಲಿಲ್ಲ.

"ಅದನ್ನ ನಾ ಕೇಳ್ಬೇಕು!" ಸರ್ ಕಾಶಿಯ ಕಡೆ ತಿರುಗಿದರು. "ಬಾಲ್ ಗೋಲಿನ ಹತ್ರ ಹೋದ ಕೂಡ್ಲೇ ಗೆರೆ ಬಿಟ್ಟು ಒಳಗೆ ಯಾಕಾ ಓಡ್ತ್ರಿ ನೀವಿಬ್ರೂ?"

ಕಾಶಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಬಲೆ ದಡಕ್ಕೆ ಬಂತಲ್ರಾ ಸರ್? ಬಲೆ ದಡಕ್ಕೆ ಬಂದ್ಮೇಲೆ ಹಗ್ಗ ಹಿಡ್ಕಂಡು ಎಂತ ಮಾಡೂದು? ಎಲ್ರೂ ಬಿಟ್ಟು ಮೀನಿಗೆ ಓಡೂದೇ. ನೀವೇ ಹೇಳಿದ್ರಿ, ರಂಪಣಿ ಅಂತ."

ಸರ್ ಹಣೆ ಚಚ್ಚಿಕೊಂಡರು. "ಅಯ್ಯೋ ಪುಣ್ಯಾತ್ಮಾ! ನಾ ಗದ್ದೆಯವ. ಹಗ್ಗ ಹಿಡಿದವ್ನೇ ಅಲ್ಲ. ನಂಗೆ ಹ್ಯಾಂಗೆ ಗೊತ್ತಾಗೂದಾ?" ಮತ್ತೆ ಒಬ್ಬೊಬ್ಬರ ಮುಖ ನೋಡುತ್ತಾ ಹೇಳಿದರು. "ಕೇಳಿ. ಬಾಲ್ ಗೋಲಿನೊಳಗೆ ಬೀಳೂವರೆಗೆ ಬಲೆ ನೀರಲ್ಲೇ ಅದೆ. ಯಾರೂ ಹಗ್ಗ ಬಿಡೂದಿಲ್ಲ."

ಇದೂ ಇನ್ನೊಂದು ಬಲೆ ಇರಬಹುದು ಎಂದು ನನಗನ್ನಿಸಿತು. ಸಂದೇಶನಿಗೂ ಅನ್ನಿಸಿತ್ತು. "ಒಂದ್ಸಲ ನೋಡ್ವ" ಎಂದ. "ಸುಳ್ಳಾದ್ರೆ ಮತ್ತೆ ನನ್ನ ದಾರಿ ನಂದು."

ಆಟ ಶುರುವಾಯಿತು. ಸಂದೇಶ ಒಲ್ಲದ ಮನಸ್ಸಿನಿಂದ ಗೋಲಿಗೆ ಬೆನ್ನು ಹಾಕಿ ಚೆಂಡು ಹಿಡಿದು ನಿಂತ. ಮೂವರೂ ಮುತ್ತಿದರು. ಚೆಂಡನ್ನು ಕಾಶಿಗೆ ತಳ್ಳಿದ. ಕಾಶಿ ಅಡ್ಡ ಒದ್ದ. ಎಡಗಡೆಯ ಗೆರೆಯಲ್ಲಿ ತಿಮ್ಮು ಒಬ್ಬನೇ ನಿಂತಿದ್ದ. ಓಡಬೇಕೆಂದು ಅವನ ಕಾಲು ತಕಥೈ ಕುಣಿಯುತ್ತಿದ್ದದ್ದು ನನ್ನ ಗೋಲಿನಿಂದಲೇ ಕಾಣುತ್ತಿತ್ತು. ಆದರೂ ಗೆರೆ ಬಿಟ್ಟಿರಲಿಲ್ಲ. ಚೆಂಡು ಬಂತು, ಒದ್ದ, ಗೋಲು. ಖುಷಿಗಿಂತ ಹೆಚ್ಚು ನಮಗೆ ಗಾಬರಿಯೇ ಆಯಿತು.

ಆಟ ಮುಗಿಯುತ್ತಾ ಬಂದಾಗ ಇನ್ನೊಮ್ಮೆ ಚೆಂಡು ಸಂದೇಶನ ಕಾಲಿಗೆ ಬಂತು. ಈ ಸಲ ಅವನು ತಿರುಗಿದ. ಗೋಲು ಎದುರಿಗೇ. ಶಾಮಿಯಾನದ ಕೆಳಗಿನ ಬಿಳಿ ಟೊಪ್ಪಿ ಕುರ್ಚಿಯಿಂದ ಎದ್ದು ನಿಂತಿತು. 'ಹೊಡಿ' ಎಂದು ನಾನೇ ಕೂಗಿದೆ. ಸಂದೇಶ ಕಾಲು ಎತ್ತಿದ. ಎತ್ತಿದ ಕಾಲಿನಲ್ಲೇ ಚೆಂಡನ್ನು ಬಲಕ್ಕೆ, ಯಾರೂ ಇಲ್ಲದ ಕಡೆ ನಿಂತ ಕಾಶಿಗೆ ಸರಿಸಿದ. ಅಮಿತ ಸಂದೇಶನ ಕಡೆ ಹಾರಿ ಬಿದ್ದಿದ್ದ. ಕಾಶಿ ಖಾಲಿ ಗೋಲಿಗೆ ಚೆಂಡು ಸೇರಿಸಿದ. ಗೆದ್ದೆವು.

"ನೀನೇ ಹೊಡೀಬಹುದಿತ್ತಲ್ಲಾ?" ಎಂದೆ.

"ಅಮಿತ, ಮತ್ತೆ ಆ ಮೂರು ಜನ, ಎಲ್ರೂ ನನ್ನೇ ನೋಡ್ತಿದ್ರು ಮಾರಾಯಾ. ಹೆಣ್ಣು ನೋಡೂಕೆ ಬಂದವ್ರ ಹಾಂಗೆ. ಕಾಶಿನ್ನ ಒಬ್ರೂ ನೋಡ್ತಿರ್ಲಿಲ್ಲ." ಹೇಳಿ ಮುಗಿಸಿ ಹುಲ್ಲಿನ ಮೇಲೆ ಕುಸಿದ. "ನಂದು ಮುಗೀತು ಬಿಡು."

ಶಾಮಿಯಾನದಲ್ಲಿ ಬಿಳಿ ಟೊಪ್ಪಿಯವರು ನಮ್ಮ ಸರ್ ಜೊತೆ ಬಹಳ ಹೊತ್ತು ಮಾತಾಡಿದರು. ನಾನು ದೂರದಿಂದಲೇ ಇಬ್ಬರ ಬಾಯಿಗೂ ದನಿ ಕೊಟ್ಟೆ. 'ನಿಮ್ಮ ಫಾರ್ವರ್ಡಿಗೆ ಕಣ್ಣು ಕಾಣೂದಿಲ್ವೇನ್ರೀ?' 'ಕಾಣ್ತದೆ ಸಾರ್, ಗೋಲ್ ಒಂದು ಬಿಟ್ಟು.' ಸಂದೇಶ ನಗಲಿಲ್ಲ.

ಸರ್ ನಿಧಾನ ನಡೆದು ಬಂದರು. "ಸಂದೇಶ, ಮುಂದಿನ ವಾರ ಧಾರವಾಡಕ್ಕೆ ಟ್ರಯಲ್ಲಿಗೆ ಬರೂಕೆ ಹೇಳಿದ್ರು."

"ಯಾರಿಗೆ, ಕಾಶಿಗಾ?"

"ನಿಂಗೇಯಾ. ಕೊನೆ ಪಾಸು ಕೊಟ್ಟವ್ನೇ ಬೇಕಂತೆ."

ಸಂದೇಶ ಎದ್ದು ನಿಂತ. ಸರ್ ಆಚೆ ಹೋಗುವವರೆಗೂ ಕೈ ಮುಗಿದುಕೊಂಡೇ ಇದ್ದ. ಮತ್ತೆ ನನ್ನ ಭುಜ ಹಿಡಿದು ಹತ್ತಿರ ಎಳೆದು ಪಿಸುಗುಟ್ಟಿದ.

"ಗೋಲ್ ಹೊಡೀದೇ ಇದ್ದವ್ನನ್ನ ಕರೀತ್ರು ಅಂದ್ರೆ ನಂಬೂಕಾಗ್ತದ್ಯಾ? ಆ ಟೊಪ್ಪಿಯವ್ರು ಸರ್‌ಗೆ ಏನಾಗ್ಬೇಕು, ನೋಡಾ ಸ್ವಲ್ಪ."