ಅಮೀನಪ್ಪನವರ ಇಪ್ಪತ್ತು ಅಂಕ

ಚೆಸ್ ಬೋರ್ಡಿನ ಮುಂದೆ ನಿಂತಾಗ ಅಮೀನಪ್ಪನವರ ಎರಡೂ ಕೈಗಳು ಬೆನ್ನ ಹಿಂದೆ ಹೆಣೆದುಕೊಂಡಿರುತ್ತವೆ. ಬೆರಳೊಂದು ಅಪ್ಪಿತಪ್ಪಿ ಯಾವ ಕಾಯಿಯತ್ತಲಾದರೂ ಚಾಚಿದರೆ ಅದೇ ಸೂಚನೆಯಾದೀತೆಂಬ ಅಂಜಿಕೆ ಅವರಿಗೆ. ನಾಯಂಡಹಳ್ಳಿಯ ಲೇತ್ ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಕಬ್ಬಿಣ ಕಡೆದ, ಗದಗ ಕಡೆಯ ಈ ಮನುಷ್ಯ, ಭಾನುವಾರ ಬಂತೆಂದರೆ ಕಂದು ಕೋಟಿನ ಗುಂಡಿಗಳನ್ನು ಕತ್ತಿನವರೆಗೆ ಬಿಗಿದು, ಎಡಗಾಲನ್ನು ತುಸು ಎಳೆಯುತ್ತ, ಗೋವಿಂದರಾಜನಗರದ ನಮ್ಮ ಚೆಸ್ ಕ್ಲಬ್ಬಿಗೆ ತೀರ್ಪುಗಾರರಾಗಿ ಬರುತ್ತಾರೆ. ಬೇಸಿಗೆಯ ಸೆಕೆಯಲ್ಲೂ ಆ ಕೋಟು ಇಳಿದದ್ದನ್ನು ನಾನಂತೂ ಕಂಡಿಲ್ಲ.

ನಮ್ಮಲ್ಲಿ ಆಡುವುದು ನಾಲ್ವರ ಚೆಸ್. ಇಲ್ಲಿ ಕೊನೆಗೆ ಉಳಿದವನೇ ಗೆದ್ದ ಎನ್ನುವಂತಿಲ್ಲ. ಹೊಡೆದ ಕಾಯಿಗಳಿಗೆ, ಚೆಕ್‌ಮೇಟ್ ಮಾಡಿ ಕಟ್ಟಿಹಾಕಿದ ರಾಜನಿಗೆ ಇಂತಿಷ್ಟು ಅಂಕವೆಂದಿದ್ದು, ಹೆಚ್ಚು ಗಳಿಸಿದವರದೇ ಗೆಲುವು. ಈ ಗೋಜಲನ್ನು ಪೂರ್ತಿ ಅರಗಿಸಿಕೊಂಡವರು ಅಮೀನಪ್ಪ ಒಬ್ಬರೇ. ಯಾರು ಏನು ಕೇಳಿದರೂ, ಎದುರಿನ ಚಹಾ ತಣ್ಣಗಾಗುವುದನ್ನೂ ಲೆಕ್ಕಿಸದೆ, ಕಾಯಿ ಇಟ್ಟು ತೋರಿಸಿ, ತಿಳಿಯಿತೋ ಇಲ್ಲವೋ ಎಂದು ಮೂರು ಸಲ ವಿಚಾರಿಸುವರು. ಮಗಳು ಶಿಲ್ಪಾ ಕೇಳಿದರೆ ಮಾತ್ರ ಒಂದೇ ಉತ್ತರ: ನಲವತ್ತು ಪುಟದ ನಿಯಮಾವಳಿ ಇದೆ, ಓದಿಕೋ. ತೀರ್ಪುಗಾರನ ಮಗಳೆಂಬ ಮಾತು ಬರಬಾರದಂತೆ! ಎಂಥ ಹಟಮಾರಿ ಜೀವವಪ್ಪಾ ಎಂದು ನಾವು ಮರೆಯಲ್ಲಿ ನಕ್ಕದ್ದುಂಟು.

ಹೋದ ತಿಂಗಳು ಫೈನಲ್ ನಡೆಯಿತು. ಗೆದ್ದವರಿಗೆ ಮೈಸೂರಿನ ಪಂದ್ಯಕ್ಕೆ ಹೋಗುವ ಅವಕಾಶ. ಎರಡು ವರ್ಷದಿಂದ ಶಿಲ್ಪಾ ಅದಕ್ಕಾಗಿಯೇ ಒದ್ದಾಡುತ್ತಿದ್ದಳು. ಇಬ್ಬರು ಹೊರಬಿದ್ದು, ಅವಳೂ ಡೆಲಿವರಿ ಕೆಲಸದ ಹನುಮೇಶನೂ ಕಣದಲ್ಲಿ ಉಳಿದಿದ್ದರು. ಅವಳದು ಐವತ್ತೆಂಟು ಅಂಕ, ಅವನದು ನಲವತ್ತೈದು. ಅವನ ಬಳಿ ಉಳಿದದ್ದು ಒಂಟಿ ರಾಜ. ಗಡಿಯಾರದಲ್ಲಿ ಅವಳಿಗೆ ಅರ್ಧ ನಿಮಿಷವೂ ಇರಲಿಲ್ಲ. ಚೆಕ್‌ಮೇಟ್ ಮಾಡಲು ಹೊತ್ತಿಲ್ಲ, ಅವನಿಗೆ ನಡೆಯಿಲ್ಲದೆ ಆಟ ಡ್ರಾ ಆದರೂ ಅಂಕದಲ್ಲಿ ಮುಂದಿರುವವಳು ತಾನೇ ಎಂದೆಣಿಸಿ, ಚೆಕ್ ಕೊಡದೆ, ಆ ರಾಜ ಎತ್ತಲೂ ಕದಲದಂತೆ ರಾಣಿಯನ್ನು ತಂದಿಟ್ಟುಬಿಟ್ಟಳು. ಹನುಮೇಶ ಎದ್ದು ಅವಳ ಕೈಕುಲುಕಿದ. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಅಮೀನಪ್ಪ ಮಾತ್ರ ಬಿಳಿಚಿಕೊಂಡು ನಿಂತಿದ್ದರು. ನಡೆಯಿಲ್ಲದೆ ಸಿಕ್ಕಿಬಿದ್ದವನಿಗೇ ಈ ಆಟದಲ್ಲಿ ಇಪ್ಪತ್ತು ಅಂಕ ಸಲ್ಲುತ್ತದೆಂಬುದು ಆ ಕೋಣೆಯಲ್ಲಿ ಅವರೊಬ್ಬರಿಗೇ ಗೊತ್ತು; ಬಾಯಿ ಮುಚ್ಚಿಕೊಂಡಿದ್ದರೆ ಕೇಳುವವರೇ ಇರಲಿಲ್ಲ. ಒಮ್ಮೆ ಮಗಳನ್ನು ನೋಡಿದರು, ಒಮ್ಮೆ ಅಂಕಪಟ್ಟಿಯನ್ನು.

"ಹನುಮೇಶಗ ಇಪ್ಪತ್ತು ಬರಕೋರಿ," ಎಂದರು ಕೊನೆಗೆ. "ಅರವತ್ತೈದಾತು. ಗೆದ್ದಾಂವ ಅವನ."

ಗದ್ದಲವೆದ್ದಿತು, ಪುಸ್ತಿಕೆ ತೆರೆದು ನೋಡಿದ್ದಾಯಿತು, ಗದ್ದಲ ಅಡಗಿತು. ಶಿಲ್ಪಾ ಅಳಲಿಲ್ಲ. ತಂದೆಯ ಮುಖವನ್ನೇ ನೋಡುತ್ತ ಮೆಲ್ಲಗೆ ಅಂದಳು: "ಇದನ್ನ ಹೋದ ವಾರ ಮನ್ಯಾಗ ಕೇಳಿದ್ನಲ್ಲ ಅಪ್ಪಾ. ಹನುಮೇಶ ಕೇಳಿದ್ರ ಹೇಳ್ತಿದ್ದಿ."

ಅಮೀನಪ್ಪ ಬಗ್ಗಿ ಕಾಯಿಗಳನ್ನು ಡಬ್ಬಿಗೆ ತುಂಬತೊಡಗಿದರು. ನಿಷ್ಪಕ್ಷಪಾತವನ್ನೇ ಧರ್ಮವೆಂದು ಬಗೆದ ಇಂಥವರನ್ನು ಕಂಡರೆ ನನಗೆ ಗೌರವವೂ ಹೌದು, ಸಿಟ್ಟೂ ಹೌದು. ತಮ್ಮವರತ್ತ ಎಲ್ಲಿ ವಾಲಿಬಿಟ್ಟೇವೋ ಎಂಬ ಭಯದಲ್ಲಿ ಅವರು ಊರ ಮಕ್ಕಳಿಗೆಲ್ಲ ಧಾರಾಳವಾಗಿ ಹಂಚುವ ನ್ಯಾಯದಿಂದ ತಮ್ಮ ಮಕ್ಕಳನ್ನು ಮಾತ್ರ ಹೊರಗಿಡುತ್ತಾರೆ. ಅದೂ ಪಕ್ಷಪಾತವೇ ಎಂದು ಅರಿವಾಗುವ ಹೊತ್ತಿಗೆ ತಾವೇ ತೀರ್ಪು ಹೇಳಿ ಮುಗಿಸಿರುತ್ತಾರೆ.