ಮೂರನೆಯ ದಿನದ ಹಸಿರು ಲಂಗ

ಕಾನಹೊಸಹಳ್ಳಿಯ ಅಂಗನವಾಡಿಯಲ್ಲಿ ಅಡುಗೆ ಮಾಡುವ ಮಾಳಮ್ಮನಿಗೆ ಯೇಸು ಎಂದರೆ ಡಾಕ್ಟರು. ಇದನ್ನು ಅವಳು ಮುಚ್ಚಿಟ್ಟವಳೇ ಅಲ್ಲ. ದೀಕ್ಷಾಸ್ನಾನದ ದಿನ ಸೊಂಟದವರೆಗೆ ಕೆರೆ ನೀರಿನಲ್ಲಿ ನಿಲ್ಲಿಸಿ, ಪಾಸ್ಟರ್ ಯೇಸುರತ್ನಂ "ಯೇಸು ನಿನಗೆ ಯಾರಮ್ಮಾ?" ಎಂದು ಕೇಳಿದರು. ಉಳಿದವರೆಲ್ಲ ರಕ್ಷಕ, ಕರ್ತ ಎಂದು ಕಲಿಸಿದ ಪಾಠ ಒಪ್ಪಿಸಿದ್ದರು. ಇವಳು "ನನ್ ಡಾಕ್ಟರ್ ರೀ" ಎಂದುಬಿಟ್ಟಳು. ದಂಡೆಯ ಮೇಲಿದ್ದವರು ಬಿದ್ದು ಬಿದ್ದು ನಕ್ಕರು. ನಗಲಿ ಬಿಡಿ, ಅವರ ಗಂಟೇನು ಹೋಯಿತು? ಬಳ್ಳಾರಿ, ದಾವಣಗೆರೆ ಸುತ್ತಿದರೂ ಬಗ್ಗದ ತಲೆಶೂಲೆ, ಪ್ರಾರ್ಥನೆಯ ಮನೆಗೆ ಕಾಲಿಟ್ಟ ಮೇಲೆ ಹೇಳಹೆಸರಿಲ್ಲದಂತೆ ಹೋಗಿತ್ತು.

ಗಂಡ ಉಚ್ಚಂಗೆಪ್ಪ ಕರೆಂಟಿನ ಲೈನ್‌ಮನ್. ಯೇಸುವಿನ ತಂಟೆಗೂ ಹೋದವನಲ್ಲ, ಹೆಂಡತಿಯನ್ನು ತಡೆದವನೂ ಅಲ್ಲ. "ಫೀಸಿಲ್ಲದ ಡಾಕ್ಟರ್ ಸಿಕ್ಕಾನ ನಮ್ಮಾಕಿಗೆ" ಎಂದು ಛೇಡಿಸುತ್ತಿದ್ದ, ಅಷ್ಟೆ.

ಆ ವರ್ಷ ಮಳೆಗಾಲದ ಕೊನೆಗೆ ಒಬ್ಬಳೇ ಮಗಳು ರೇಖಾ ಜ್ವರ ಬಂದು ಮಲಗಿದಳು. ಮಾಳಮ್ಮ ಮಗಳ ಹಣೆಗೆ ಎಣ್ಣೆ ಹಚ್ಚಿ, ಮಂಡಿಯೂರಿ, ತನ್ನ ಡಾಕ್ಟರನ್ನು ಕರೆದಳು. ಉಚ್ಚಂಗೆಪ್ಪ ಆಸ್ಪತ್ರೆಯ ಡಾಕ್ಟರನ್ನೂ ಬಿಡಲಿಲ್ಲ. ಇಬ್ಬರಿಂದಲೂ ಆಗಲಿಲ್ಲ. ಕ್ರಿಸ್‌ಮಸ್ಸಿಗೆಂದು ಮೊದಲೇ ಹೊಲಿಸಿಟ್ಟ ಹಸಿರು ಲಂಗವನ್ನು ಮೈಗೆ ತಾಕಿಸದೆಯೇ ಹುಡುಗಿ ಹೊರಟುಹೋದಳು. ಅಯ್ಯೋ, ಯಾರ ಹೊಟ್ಟೆಗೂ ಅಂಥ ಬೆಂಕಿ ಬೀಳಬಾರದು.

ಮಣ್ಣು ಮಾಡುವಾಗ ಪಾಸ್ಟರ್ ಹೇಳಿದರು: "ಅಳಬೇಡಮ್ಮಾ. ಸತ್ತು ಮೂರನೆಯ ದಿನ ಎದ್ದು ಬಂದ ಯೇಸು ಈ ಮಗುವನ್ನೂ ಎಬ್ಬಿಸುತ್ತಾನೆ." ಅವರು ಎಷ್ಟೋ ಸಾವುಗಳಲ್ಲಿ ಆಡಿದ ಮಾತು ಅದು. ಮಾಳಮ್ಮ ಮಾತ್ರ ಅದನ್ನು ಸೆರಗಿಗೆ ಗಂಟು ಹಾಕಿಕೊಂಡಳು. ನಮ್ಮ ಕಡೆ ಮೂರನೆಯ ದಿನವೆಂದರೆ ಹಾಲುತುಪ್ಪ. ಹೂಳಿದ ಜಾಗದ ಮೇಲೆ ಹಾಲು, ತುಪ್ಪ ಬಿಟ್ಟು ಸತ್ತವರನ್ನು ತಣ್ಣಗೆ ಕಳಿಸಿಕೊಡುವ ದಿನ. ಆ ಮೂರನೆಯ ದಿನ, ಈ ಮೂರನೆಯ ದಿನ ಎರಡೂ ಅವಳ ತಲೆಯಲ್ಲಿ ಒಂದೇ ಆಗಿಹೋದವು.

ಆ ದಿನ ಬೆಳಿಗ್ಗೆ ಅತ್ತೆ ದುರುಗಮ್ಮ ಹಾಲು ಕಾಯಿಸಲು ಕೂತದ್ದೇ ತಡ, ಸೊಸೆ ಒಲೆಗೆ ಅಡ್ಡ ನಿಂತಳು.

"ಹಾಲುತುಪ್ಪ ಬಿಡಾದು ಸತ್ತೋರಿಗೆ, ಅತ್ತಿ. ನನ್ ಮಗಳು ಇವತ್ತು ಏಳ್ತಾಳ."

"ಯವ್ವಾ, ನಿನ್ ತೆಲಿ ಕೆಟ್ಟೈತೇನ!" ಎಂದು ಮುದುಕಿ ಬಾಯಿ ಬಡಿದುಕೊಂಡಳು.

ಮಾಳಮ್ಮ ಕಿವಿಗೆ ಹಾಕಿಕೊಳ್ಳಲಿಲ್ಲ. ಹಸಿರು ಲಂಗ, ಬಾಚಣಿಗೆ, ರಿಬ್ಬನ್ನು, ಎದ್ದವಳಿಗೆ ಹಸಿವಾದೀತೆಂದು ಒಂದಿಷ್ಟು ಮಂಡಕ್ಕಿ ಒಗ್ಗರಣೆ, ಎಲ್ಲ ಚೀಲಕ್ಕೆ ತುಂಬಿಕೊಂಡು ಹೋಗಿ ಮಗಳನ್ನು ಹೂಳಿದ ಗುಡ್ಡೆಯ ಪಕ್ಕ ಕೂತಳು. ಇರುವೆಯೊಂದು ಮಣ್ಣಿನ ಹೆಂಟೆ ಉರುಳಿಸಿದರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಬಿಸಿಲು ನೆತ್ತಿಗೆ ಬಂತು, ಇಳಿಯಿತು. ಹೆದ್ದಾರಿಯಲ್ಲಿ ಲಾರಿಗಳು ತಮ್ಮ ಪಾಡಿಗೆ ಓಡಾಡುತ್ತಿದ್ದವು.

ಸಂಜೆಗೆ ಪಾಸ್ಟರ್ ಕೂಡ್ಲಿಗಿಯಿಂದ ಲೂನಾ ಮೇಲೆ ಬಂದರು. ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಕರೆಸಿದ್ದವನು ಉಚ್ಚಂಗೆಪ್ಪ. ಅವನೂ ಹಿಂದೆಯೇ ಬಂದ. ತಾಯಿ ಕೊಟ್ಟು ಕಳಿಸಿದ ಹಾಲುತುಪ್ಪದ ಚೊಂಬು ಅವನ ಕೈಯಲ್ಲಿತ್ತು.

ಚೀಲದಿಂದ ಇಣುಕುತ್ತಿದ್ದ ಲಂಗ ಕಂಡದ್ದೇ ಪಾಸ್ಟರ್ ಮುಖ ಕಪ್ಪಿಟ್ಟಿತು. "ಅಮ್ಮಾ, ನಾನು ಹೇಳಿದ್ದು ಲೋಕದ ಕಡೆಯ ದಿನದ ಮಾತು. ಅವತ್ತು ಎಲ್ಲರೂ ಏಳುತ್ತಾರೆ."

"ಅದು ಯಾವಾಗ ಬರತೈತಿ?"

"ಯಾರಿಗೂ ಗೊತ್ತಿಲ್ಲಮ್ಮಾ."

"ಹಂಗಾರ ಮೂರನೇ ದಿನ ಅವನೊಬ್ಬನಿಗೇ ಏನ್ರಿ?" ಮಾಳಮ್ಮನ ದನಿ ಬಿರಿಯಿತು. "ದೇವರು ತನ್ ಮಗನ್ನ ಎಬ್ಬಿಸಿಕೊಂಡ. ನನ್ ಮಗಳ್ನ ಬಿಟ್ಟ!"

ಪಾಸ್ಟರ್ ಬೈಬಲ್ಲಿನ ವಚನ ಎತ್ತಿ ಹೇಳಲಿಲ್ಲ, ಅದೊಂದು ಪುಣ್ಯ. ಬಟ್ಟೆಯ ಪರಿವೆಯಿಲ್ಲದೆ ಮಣ್ಣಿನಲ್ಲೇ ಕೂತು ಕಣ್ಣೊರೆಸಿಕೊಂಡರು.

ಮಾಳಮ್ಮ ಅವರತ್ತ ತಿರುಗಿ ಕೇಳಿದಳು. "ಯೇಸು ಒಂದ್ಸಲ ಅತ್ತಾನ ಅಂದಿದ್ರಲ್ಲ. ಎಲ್ಲಿ?"

"ಗೆಳೆಯನ ಸಮಾಧಿ ಹತ್ತಿರ. ಆಮೇಲೆ ಆ ಗೆಳೆಯನನ್ನು ಎಬ್ಬಿಸಿದ."

"ಎಬ್ಬಿಸಾಕ ಬರ್ತಿತ್ತಲ್ಲ ಅವನಿಗೆ. ಮತ್ಯಾಕ ಅತ್ತ?"

"ಗೊತ್ತಿಲ್ಲಮ್ಮಾ. ನಿಜವಾಗಿ ಗೊತ್ತಿಲ್ಲ."

ಮಾಳಮ್ಮ ಗಂಡನ ಕೈಯಿಂದ ಚೊಂಬು ತೆಗೆದುಕೊಂಡಳು. ಹಾಲು ಬಿಟ್ಟರೆ ಮಗಳು ಸತ್ತಳೆಂದು ತಾನೇ ಒಪ್ಪಿಕೊಂಡಂತೆ. ಬೆಳಗಿನಿಂದ ಅವಳು ತಪ್ಪಿಸಿಕೊಂಡು ಕೂತದ್ದೇ ಅದರಿಂದ. ಹಾಲುತುಪ್ಪ ಕೂಡದು ಎಂದು ಪ್ರತಿ ಸಭೆಯಲ್ಲೂ ಸಾರುತ್ತಿದ್ದ ಪಾಸ್ಟರ್ ಈಗ ತಲೆ ಎತ್ತಲಿಲ್ಲ. ಅವಳು ಬಿಟ್ಟಳು. ಒಣಮಣ್ಣು ಹಾಲನ್ನು ಒಂದೇ ಗುಟುಕಿಗೆ ಕುಡಿಯಿತು. ಆಮೇಲೆ ಲಂಗವನ್ನು ಎದೆಗೊತ್ತಿಕೊಂಡು, ಊರೇ ಕೇಳುವಂತೆ ಅತ್ತಳು.

ದಾರಿಯಲ್ಲಿ ಉಚ್ಚಂಗೆಪ್ಪ ಮೆಲ್ಲಗೆ ಕೇಳಿದ. ಛೇಡಿಸಲು ಅಲ್ಲ.

"ಬಿಟ್ಬಿಡ್ತೀಯೇನ ಯೇಸುನ್ನ?"

"ಅವನು ಡಾಕ್ಟರ್ ಅಲ್ಲ" ಎಂದಳು ಮಾಳಮ್ಮ.

"ಮತ್ತ ಯಾರು?"

ಅವಳು ನಿಂತು ಗಂಡನನ್ನು ನೋಡಿದಳು. ಮೂರೇ ದಿನದಲ್ಲಿ ಅವನ ಕೆನ್ನೆ ಗುಳಿಬಿದ್ದಿತ್ತು.

"ನನಗ ಯಾರನ್ನಾರ ಬೈಬೇಕಾಗೈತಿ. ನಿನ್ನ ಬೈದ್ರ ನೀ ಉಳಿಯಂಗಿಲ್ಲ. ಅವನು ತಡಕಂತಾನ."

ಊರು ಮುಟ್ಟುವ ತನಕ ಅವಳು ಯೇಸುವನ್ನು ಬಾಯಿಗೆ ಬಂದಂತೆ ಬೈಯುತ್ತಲೇ ನಡೆದಳು. ಉಚ್ಚಂಗೆಪ್ಪ ಲಂಗದ ಚೀಲ ಹಿಡಿದುಕೊಂಡು, ಅವರಿಬ್ಬರ ನಡುವೆ ಬಾಯಿ ಹಾಕದೆ, ಹಿಂದೆ ಹಿಂದೆ ಹೋದ.