ಅಣ್ಣನ ಸ್ವಿಚ್ಚು, ತಮ್ಮನ ಲೈಟು

ಅಣ್ಣ, ತಮ್ಮ ಇಬ್ಬರೂ ಹಟಮಾರಿಗಳೇ. ಮನೆ ಪಾಲು ಮಾಡಿಕೊಂಡಾಗ ಟೇಪು ಹಿಡಿದು ಅಳೆದು, ಸರಿಯಾಗಿ ನಡುಮನೆಯ ಮಧ್ಯಕ್ಕೆ ಗೋಡೆ ಎಬ್ಬಿಸಿದರು. ಅಂಗಳದ ಕಡೆಯ ಕಿಟಕಿ ಅಡ್ಡ ಬಂತು. ಅದನ್ನೂ ಬಿಡದೆ ಆಚೆಗೊಂದು ಕದ, ಈಚೆಗೊಂದು ಕದ ಎಂದು ಹಂಚಿಕೊಂಡರು. ಜಗಳ ಯಾತಕ್ಕೆ ಶುರುವಾಯಿತೆಂದು ಹೇಳಿದರೆ ನಗುತ್ತೀರಿ. ಹೊರಗಿನ ಮೆಟ್ಟಿಲ ಕೆಳಗೆ ಯಾರ ಚಪ್ಪಲಿ ಇರಬೇಕು ಎಂಬುದಕ್ಕೆ. ಆ ಜಾಗ ಕಡೆಗೆ ತಮ್ಮನ ಪಾಲಿಗೆ ಬಂತು, ಅಣ್ಣನ ಮಾತು ನಿಂತಿತು.

ಇಷ್ಟೆಲ್ಲ ಅಳೆದವರು ಒಂದನ್ನು ಮರೆತಿದ್ದರು. ನಡುಮನೆಯ ಲೈಟು ತಮ್ಮನ ಕಡೆ ಉಳಿಯಿತು, ಅದರ ಸ್ವಿಚ್ಚು ಅಣ್ಣನ ಕಡೆ. ಮೊದಲ ಸಂಜೆ ತಮ್ಮ, ಸತ್ತರೂ ಹೋಗಿ ಕೇಳುವುದಿಲ್ಲ ಎಂದು ಪಟ್ಟು ಹಿಡಿದು ಕತ್ತಲಲ್ಲೇ ಕೂತಿದ್ದ. ಅಷ್ಟರಲ್ಲಿ ಗೋಡೆಯಾಚೆ ಟಕ್ ಎಂದಿತು, ಲೈಟು ಹತ್ತಿತು. ಅಂದಿನಿಂದ ಅದೇ ವಾಡಿಕೆ. ಮುಸ್ಸಂಜೆಗೆ ಅಣ್ಣ ಹಾಕುತ್ತಿದ್ದ, ತನ್ನ ಅರ್ಧ ಕಿಟಕಿಯಿಂದ ಬಗ್ಗಿ ಅಂಗಳದಲ್ಲಿ ಬೆಳಕು ಬಿದ್ದಿದೆಯೇ ಎಂದು ನೋಡುತ್ತಿದ್ದ, ಮಲಗುವಾಗ ಆರಿಸುತ್ತಿದ್ದ. ಬೀದಿಯಲ್ಲಿ ಎದುರಾದರೆ ಮುಖ ತಿರುಗಿಸುವ ಮನುಷ್ಯ, ಲೈಟನ್ನು ಮಾತ್ರ ಮರೆತವನಲ್ಲ.

ಲೈಟು ಆರಿದೊಡನೆ ತಮ್ಮನ ಹೆಂಡತಿ, "ಭಾವನೋರಿಗೆ ನಿದ್ದೆ ಬಂತು, ಏಳಿ," ಎಂದು ಎದ್ದುಬಿಡುತ್ತಿದ್ದಳು. ಬೇಗ ಆರಿದ ದಿನ ಅಣ್ಣನಿಗೆ ಮೈ ಹುಷಾರಿಲ್ಲವೇನೋ ಎಂದು ತಮ್ಮ ಹಾಸಿಗೆಯಲ್ಲಿ ಹೊರಳಾಡುತ್ತಿದ್ದ. ಬಾಯಿ ಬಿಟ್ಟು ಯಾರಿಗೂ ಹೇಳುತ್ತಿರಲಿಲ್ಲ.

ಹೀಗಿರುವಾಗ ಹೆಂಡತಿಗೆ ಮನೆಯಿಡೀ ಹಾಡು ಕೇಳಬೇಕು, ನಡುಮನೆಯಲ್ಲಿ ಗೋಡೆಯಗಲದ ಪರದೆಯ ಮೇಲೆ ಸಿನಿಮಾ ನೋಡಬೇಕು ಅನ್ನಿಸಿತು. ವೈರಿಂಗ್‌ನವನು ಬಂದ. ಕೈಗಿಂತ ಬಾಯಿ ಚುರುಕಿನ ಆಸಾಮಿ. ಗೋಡೆ ಕೊರೆದ, ಅಟ್ಟ ಹತ್ತಿದ, ಪಾತ್ರೆ ಪಡಗಕ್ಕೆಲ್ಲ ಸುಣ್ಣದ ಪುಡಿ ಮೆತ್ತಿಸಿದ. ಮಲಗುವ ಕೋಣೆಯ ಟೀವಿ ಹಾಕಿದರೆ ವಾರ್ತೆ ಬಚ್ಚಲಿನ ಸ್ಪೀಕರಿನಿಂದ ಬಂತು. "ಸ್ನಾನ ಮಾಡ್ತಾನೇ ಕೇಳ್ಬಹುದಲ್ಲ," ಎಂದು ಅದನ್ನೂ ತನ್ನ ಜಾಣತನದ ಲೆಕ್ಕಕ್ಕೆ ಸೇರಿಸಿಕೊಂಡ. ಸಂಜೆ ಪರದೆ ಹಾಕಿ ನೋಡಿದರೆ, ಲೈಟಿನ ಬೆಳಕಿಗೆ ಚಿತ್ರವೆಲ್ಲ ಬಿಳಿಚಿಕೊಂಡಿತ್ತು.

"ಈ ಲೈಟಿನ ಸ್ವಿಚ್ ಎಲ್ಲಿದೆ ಸಾರ್?"

"ಪಕ್ಕದ ಮನೇಲಿ," ಎಂದ ತಮ್ಮ.

ವೈರಿಂಗ್‌ನವನು ಗೋಡೆಯನ್ನೊಮ್ಮೆ ತಟ್ಟಿ ನೋಡಿದ. ಆಮೇಲೆ, "ನಾಳೆ ಆ ಹಳೇ ವೈರ್ ಕಿತ್ತು, ಈ ಕಡೆ ಒಂದು ಸ್ವಿಚ್ ಕೊಟ್ಬಿಡ್ತೀನಿ ಬಿಡಿ," ಎಂದ.

ತಮ್ಮ ಕತ್ತೆತ್ತಿ ಲೈಟಿನ ಕಡೆ ನೋಡಿದ. ಆ ವೈರು ಹೋದರೆ ಅಣ್ಣನಿಗೂ ತನಗೂ ನಡುವೆ ಉಳಿಯುವುದು ಗೋಡೆ ಮಾತ್ರ. ಹಾಗೆಂದು ಬಾಯಿ ಬಿಟ್ಟು ಹೇಳುವುದು ಹೇಗೆ? ಕುರ್ಚಿ ಹತ್ತಿ ಲೈಟಿನ ಕೆಳಗೊಂದು ಕೊಡೆ ಬಿಚ್ಚಿ ಕಟ್ಟಿದ. ಅದು ಹೆಂಡತಿಯ ತಲೆಯ ಮೇಲೆ ಬಿತ್ತು. ಪರದೆಯನ್ನೇ ಬಚ್ಚಲಿಗೆ ಸಾಗಿಸೋಣ, ವಾರ್ತೆ ಹೇಗೂ ಅಲ್ಲೇ ಬರುತ್ತದೆ ಎಂದ. ಅದೂ ಬೇಡವಾದರೆ ಹಗಲು ಮಾತ್ರ ನೋಡೋಣ, ಸಿನಿಮಾದವರೇನು ರಾತ್ರಿಯೇ ನೋಡಿ ಎಂದಿದ್ದಾರೆಯೇ ಎಂದು ವಾದ ಹೂಡಿದ.

"ರೀ, ಆ ಲೈಟಿಗೂ ನಿಮಗೂ ಏನು ಸಂಬಂಧ, ಹೇಳ್ಬಿಡಿ," ಎಂದಳು ಹೆಂಡತಿ.

"ಎಂಥ ಸಂಬಂಧ? ಕಿತ್ತುಹಾಕ್ಲಿ ಬಿಡು."

ಮಾರನೆಯ ದಿನ ವೈರು ಕಿತ್ತದ್ದಾಯಿತು. ತಮ್ಮನಿಗೆ ಊಟ ಸೇರಲಿಲ್ಲ. ಮುಸ್ಸಂಜೆಗೆ ಹೆಂಡತಿ ಹೊಸ ಸೀರೆ ಉಟ್ಟು, ರಿಮೋಟು ಹಿಡಿದು ಪರದೆಯ ಮುಂದೆ ಕೂತಳು. ವೈರಿಂಗ್‌ನವನು ಹೊಸ ಸ್ವಿಚ್ಚಿನ ಪಕ್ಕ ಎದೆಯುಬ್ಬಿಸಿ ನಿಂತ. "ಮೊದಲು ಲೈಟ್ ಹಾಕಿ ಸಾರ್. ನಿಮ್ಮ ಕೈಯಿಂದಲೇ ಆಗ್ಲಿ."

ತಮ್ಮ ಕೈ ಎತ್ತಿದ. ಗೋಡೆಯಾಚೆ ಟಕ್ ಎಂದಿತು.

ಕತ್ತಲು ಹಾಗೇ ಇತ್ತು. ಅಣ್ಣನ ಅರ್ಧ ಕಿಟಕಿಯ ಕದ ಕಿರ್ರೆಂದು ತೆರೆಯಿತು. ಅಂಗಳದಲ್ಲಿ ಬೆಳಕಿಲ್ಲ. ಮತ್ತೆ ಟಕ್. ಮತ್ತೆ ಕಿಟಕಿ. ಆಮೇಲೆ ಟಕ್ ಟಕ್ ಟಕ್ ಎಂದು ಒಂದೇ ಸಮನೆ. ತಮ್ಮನ ಬೆರಳು ಸ್ವಿಚ್ಚಿನ ಮೇಲೇ ನಿಂತುಬಿಟ್ಟಿತು. ಒತ್ತಿದರೆ, ಇನ್ನು ನೀನು ಬೇಡ ಎಂದು ಅಣ್ಣನ ಮುಖಕ್ಕೇ ಹೇಳಿದ ಹಾಗೆ.

ಸದ್ದು ನಿಂತಿತು. ಆಚೆಯಿಂದ, ಎಷ್ಟೋ ವರ್ಷ ಕೇಳದ ದನಿ ಕೇಳಿಸಿತು.

"ಹತ್ತಲಿಲ್ವೇನೋ?"

"ಇಲ್ಲೇ ಇದೆಯಲ್ಲ ಸಾರ್ ಸ್ವಿ..." ಎಂದ ವೈರಿಂಗ್‌ನವನ ಬಾಯಿಯನ್ನು ಹೆಂಡತಿ ಸೆರಗಿನಿಂದಲೇ ಮುಚ್ಚಿದಳು. ತಮ್ಮ ಸ್ವಿಚ್ಚಿಗೆ ಬೆನ್ನು ಕೊಟ್ಟು, ಅದು ಕಾಣದ ಹಾಗೆ ನಿಂತ.

"ಇಲ್ಲ ಅಣ್ಣಾ. ಒಂದ್ಸಲ ಬಂದು ನೋಡು."

ಮೂವರೂ ಕತ್ತಲಲ್ಲೇ ಬಾಗಿಲ ಕಡೆ ತಿರುಗಿ ನಿಂತರು. ಸ್ವಲ್ಪ ಹೊತ್ತಿಗೆ ಹೊರಗೆ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟ ಸದ್ದಾಯಿತು.